ಲಾಂಗ್‌ಹಾರ್ನ್ಸ್ ಅಫೆನ್ಸ್: ಇಡೀ ಚರಿತ್ರೆಯಿಂದ ಹನ್ನೊಂದು ಜನ ಆರಿಸಿ ನೋಡೋಣ

ರೌಂಡ್‌ರಾಕ್_ರಾಯರು:
ಸೀಸನ್ ಶುರುವಾಗೋಕೆ ಇನ್ನೂ ಟೈಮಿದೆ, ಬಿಸಿಲಿಗೆ ಹೊರಗೆ ಕಾಲಿಡೋ ಹಾಗಿಲ್ಲ. ಸುಮ್ಮನೆ ಕೂರೋ ಬದಲು ಒಂದು ಪಟ್ಟಿ ಮಾಡೋಣ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ನ ಅಮೆರಿಕನ್ ಫುಟ್‌ಬಾಲ್ ಟೀಮು ಲಾಂಗ್‌ಹಾರ್ನ್ಸ್. ಅದರ ಇಡೀ ಚರಿತ್ರೆಯಿಂದ ಅಫೆನ್ಸ್‌ಗೆ, ಅಂದ್ರೆ ಚೆಂಡು ಹಿಡಿದು ಮುಂದೆ ನುಗ್ಗೋ ಪಡೆಗೆ, ಹನ್ನೊಂದು ಜನ: ಚೆಂಡು ಎಸೆಯೋ ಒಬ್ಬ ಕ್ವಾರ್ಟರ್‌ಬ್ಯಾಕ್, ಹಿಡಿದು ಓಡೋ ಇಬ್ಬರು ರನ್ನಿಂಗ್ ಬ್ಯಾಕ್, ಎಸೆದದ್ದನ್ನ ಹಿಡಿಯೋ ಇಬ್ಬರು ರಿಸೀವರ್, ಎದುರಿನವರನ್ನ ತಡೆಯೋದು, ಚೆಂಡು ಹಿಡಿಯೋದು ಎರಡೂ ಮಾಡೋ ಒಬ್ಬ ಟೈಟ್ ಎಂಡ್, ಐದು ಜನ ಲೈನ್‌ಮನ್. ನಿಯಮ ಒಂದೇ. ಆಸ್ಟಿನ್‌ನಲ್ಲಿ ಆಡಿದ್ದಷ್ಟೇ ಲೆಕ್ಕ. ಆಮೇಲೆ ದುಡ್ಡಿಗೆ ಆಡೋ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಿ ಏನು ಕಡಿದು ಗುಡ್ಡೆ ಹಾಕಿದರು ಅನ್ನೋದು ಇಲ್ಲಿ ಬೇಡ.

ನನ್ನ ಪಟ್ಟಿ: ವಿನ್ಸ್ ಯಂಗ್, ಅರ್ಲ್ ಕ್ಯಾಂಬೆಲ್, ರಿಕಿ ವಿಲಿಯಮ್ಸ್, ರಾಯ್ ವಿಲಿಯಮ್ಸ್, ಜಾರ್ಡನ್ ಶಿಪ್ಲಿ, ಟೈಟ್ ಎಂಡ್ ಡೇವಿಡ್ ಥಾಮಸ್, ಲೈನ್‌ನಲ್ಲಿ ಜೆರಿ ಸಿಸ್ಮೋರ್, ಡ್ಯಾನ್ ನೀಲ್, ಜಸ್ಟಿನ್ ಬ್ಲೇಲಾಕ್, ಕೆಲ್ವಿನ್ ಬ್ಯಾಂಕ್ಸ್. ಐದನೇ ಲೈನ್‌ಮನ್ ಸೀಟು ಖಾಲಿ ಬಿಟ್ಟಿದೀನಿ. ಬೈಯೋರು ಬೈಬಹುದು, ಆದ್ರೆ ಕಾರಣ ಕೊಟ್ಟು ಬೈಯಿರಿ.

ಮಲ್ಲೇಶ್ವರಂ_ಮಗಾ:
ಗುರು, ಕ್ವಾರ್ಟರ್‌ಬ್ಯಾಕ್ ವಿಷಯ ಚರ್ಚೆನೇ ಇಲ್ಲದೆ ಮುಗಿಸಿಬಿಟ್ರಲ್ಲ! ಕೋಲ್ಟ್ ಮೆಕಾಯ್ ಎಲ್ಲಿ? 45 ಗೆಲುವು. ಅವನು ಕಾಲೇಜು ಮುಗಿಸಿದಾಗ ಅಷ್ಟು ಗೆಲುವು ಯಾವ ಕಾಲೇಜಿನ ಕ್ವಾರ್ಟರ್‌ಬ್ಯಾಕ್‌ಗೂ ಇರಲಿಲ್ಲ. 13,253 ಪಾಸಿಂಗ್ ಯಾರ್ಡ್, 112 ಟಚ್‌ಡೌನ್ ಪಾಸ್ (ಟಚ್‌ಡೌನ್ ಅಂದ್ರೆ ಚೆಂಡು ಎದುರಾಳಿಯ ಗೆರೆ ದಾಟೋದು, ಆರು ಪಾಯಿಂಟ್). 2008ರಲ್ಲಿ ಎಸೆದಿದ್ದರಲ್ಲಿ 76.7 ಪರ್ಸೆಂಟ್ ಕೈಗೆ ಸೇರಿಸಿದ್ದ. ದ್ರಾವಿಡ್‌ನ ಬಿಟ್ಟು ಟೀಮ್ ಮಾಡ್ತೀರಾ ನೀವು?

ರೌಂಡ್‌ರಾಕ್_ರಾಯರು:
ದ್ರಾವಿಡ್ ಹೆಸರು ಎತ್ತಿದ್ರೆ ಬಾಯಿ ಮುಚ್ಚಿಸಬಹುದು ಅಂದ್ಕೊಂಡಿದೀಯ, ಗೊತ್ತು. ಆದ್ರೂ ಯಂಗ್. ಎರಡು ವರ್ಷದ ಎರಡು ರೋಸ್ ಬೌಲ್ ನೋಡಪ್ಪ (ಬೌಲ್ ಅಂದ್ರೆ ಸೀಸನ್ ಕೊನೆಗೆ ನಡೆಯೋ ವಿಶೇಷ ಆಟ). 2005ರ ಜನವರಿ 1ಕ್ಕೆ ಮಿಷಿಗನ್ ಮೇಲೆ ಒಬ್ಬನೇ ಓಡಿ 192 ಯಾರ್ಡ್, ನಾಲ್ಕು ಟಚ್‌ಡೌನ್. ಕೊನೇ ಕ್ಷಣದಲ್ಲಿ ಕಂಬಗಳ ನಡುವೆ ಒದ್ದ ಫೀಲ್ಡ್ ಗೋಲಿನಲ್ಲಿ 38-37. ಮುಂದಿನ ವರ್ಷ ಯುಎಸ್‌ಸಿ (ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾ) ಮೇಲೆ ಎಸೆದಿದ್ದು 267, ಓಡಿದ್ದು 200.

ಕುಡ್ಲ_ಟು_ಆಸ್ಟಿನ್:
ಎಂತ ಮಾರಾಯ್ರೆ, ನಂಬರ್ ಹೇಳಿ ಮುಗಿಸಿಬಿಡ್ತೀರಲ್ಲ. ಆ ಆಟದ ಕೊನೆ ಹೇಗಿತ್ತು ಅಂತ ಹೊಸಬರಿಗೆ ಹೇಳುವುದು ಬೇಡವಾ? ನಾನೇ ಹೇಳ್ತೇನೆ.

2006ರ ಜನವರಿ 4, ಪ್ಯಾಸಡೀನ. ಯುಎಸ್‌ಸಿ ಸತತ 34 ಆಟ ಗೆದ್ದು ಬಂದಿತ್ತು. ಅವರ ಕಡೆ ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಪ್ರಶಸ್ತಿ ಗೆದ್ದ ಇಬ್ಬರು, ಮ್ಯಾಟ್ ಲೈನಾರ್ಟ್ ಮತ್ತು ರೆಜಿ ಬುಷ್. ಆ ವರ್ಷದ ಹೈಸ್ಮನ್‌ನಲ್ಲಿ ಯಂಗ್ ಎರಡನೆಯವನು, ಬುಷ್‌ಗೆ ಸೋತಿದ್ದ. ಕೊನೆಗೆ ಯುಎಸ್‌ಸಿ 38, ನಮ್ಮದು 33. ಎರಡು ನಿಮಿಷ ಚಿಲ್ಲರೆ ಉಂಟು. ಅವರಿಗೆ ನಾಲ್ಕನೇ ಡೌನ್, ಅಂದರೆ ಕೊನೆಯ ಅವಕಾಶ, ಬೇಕಾದದ್ದು ಎರಡೇ ಯಾರ್ಡ್. ಲೆಂಡೇಲ್ ವೈಟ್‌ಗೆ ಚೆಂಡು ಕೊಟ್ಟರು, ನಮ್ಮವರು ತಡೆದರು. ಆಗ ರೆಜಿ ಬುಷ್ ಮೈದಾನದಲ್ಲೇ ಇರಲಿಲ್ಲ, ಸೈಡ್‌ಲೈನಿನಲ್ಲಿ ನಿಂತಿದ್ದ! ಅದನ್ನು ಯುಎಸ್‌ಸಿಯವರು ಇವತ್ತಿಗೂ ಜೀರ್ಣ ಮಾಡಿಕೊಂಡಿಲ್ಲ.

ಅಲ್ಲಿಂದ ಯಂಗ್ ಟೀಮನ್ನು ಎದುರು ಗೆರೆಯ ಹತ್ತಿರ ತಂದ. 26 ಸೆಕೆಂಡ್ ಉಳಿದಿದೆ, ನಾಲ್ಕನೇ ಡೌನ್, ಐದು ಯಾರ್ಡ್ ಬೇಕು. ಹಿಂದೆ ಸರಿದು ನೋಡಿದ, ಎಸೆಯಲಿಕ್ಕೆ ಯಾರೂ ಖಾಲಿ ಇಲ್ಲ. ಬಲಕ್ಕೆ ಹೊರಳಿ ಓಡಿದ. ಮೂಲೆಯ ಕಂಬದ ಪಕ್ಕದಲ್ಲಿ ಒಳಗೆ ಹೋಗುವಾಗ ಅವನ ಮೈ ಮುಟ್ಟುವಷ್ಟು ಹತ್ತಿರ ಯಾರೂ ಇರಲಿಲ್ಲ. ಉಳಿದದ್ದು 19 ಸೆಕೆಂಡ್. ಟಚ್‌ಡೌನ್ ಆದ ಮೇಲೆ ಸಿಗುವ ಹೆಚ್ಚುವರಿ ಅವಕಾಶದಲ್ಲಿ ಎರಡು ಪಾಯಿಂಟನ್ನೂ ಅವನೇ ಓಡಿ ತಂದ. 41-38. ಟೆಕ್ಸಸ್ 1970ರ ನಂತರ ಗೆದ್ದ ಮೊದಲ ಚಾಂಪಿಯನ್‌ಶಿಪ್ ಅದು.

ಮಲ್ಲೇಶ್ವರಂ_ಮಗಾ:
ಒಪ್ಪಿದೆ. ಆದ್ರೆ ಒಂದು ರಾತ್ರಿಗೆ ನಾಲ್ಕು ವರ್ಷ ಬಲಿ ಕೊಡೋದಾ? ಮೆಕಾಯ್‌ಗೂ ಅಂಥ ರಾತ್ರಿ ಸಿಗ್ತಿತ್ತು. 2010ರ ಜನವರಿ, ಅಲಬಾಮ ಜೊತೆ ಫೈನಲ್. ಚೆಂಡು ಸಿಕ್ಕ ಮೊದಲ ಸರದಿಯಲ್ಲೇ ಭುಜಕ್ಕೆ ಏಟು ಬಿತ್ತು, ಕೈಯಲ್ಲಿ ಜೀವವೇ ಇಲ್ಲದ ಹಾಗಾಯ್ತು. ಒಳಗೆ ಡ್ರೆಸ್ಸಿಂಗ್ ರೂಮಲ್ಲಿ ಅಪ್ಪನಿಗೆ ಚೆಂಡು ಎಸೆದು ನೋಡಿದ್ನಂತೆ, ಆಗಲಿಲ್ಲ. ಹೊಸ ಹುಡುಗ ಗ್ಯಾರೆಟ್ ಗಿಲ್ಬರ್ಟ್ ಬಂದು ಪಾಪ ಆದಷ್ಟು ಮಾಡಿದ. 37-21 ಸೋಲು. ಆ ಏಟು ಬೀಳದೇ ಇದ್ದಿದ್ರೆ ನೀವು ಇವತ್ತು ಬೇರೆ ಹೆಸರು ಬರೀತಿದ್ರಿ ರಾಯರೇ.

ಟವರ್_ಕೆಳಗಿನ_ಅಕ್ಕ:
"ಬೀಳದೇ ಇದ್ದಿದ್ರೆ" ಅಂತ ಶುರು ಮಾಡಿದರೆ ಪಟ್ಟಿ ಮುಗಿಯಲ್ಲ ಕಣಪ್ಪ.

ಇನ್ನೊಂದು ಮಾತು. ಯಂಗ್ ಬರೀ ಒಂದು ರಾತ್ರಿಯ ಆಟಗಾರ ಅನ್ನೋದೇ ಸುಳ್ಳು. 2004ರ ಅಕ್ಟೋಬರ್‌ನಲ್ಲಿ ಒಕ್ಲಹೋಮ ನಮ್ಮನ್ನು 12-0ಗೆ ಮಲಗಿಸಿತ್ತು. ಒಂದು ಪಾಯಿಂಟ್ ಕೂಡ ಇಲ್ಲ. ಆಗ ಇದೇ ಊರಿನ ಜನ ಅವನ ಎಸೆತ ಸರಿಯಿಲ್ಲ, ಕೈ ಪಕ್ಕದಿಂದ ಬರುತ್ತೆ, ರಿಸೀವರ್ ಮಾಡಿ ಅಂತ ಕೂಗಾಡ್ತಿದ್ದರು. ಆ ಸೋಲಿನ ನಂತರ ಅವನು ಕಾಲೇಜು ಬಿಡೋವರೆಗೆ ಟೆಕ್ಸಸ್ ಸೋತೇ ಇಲ್ಲ, ಸತತ 20 ಗೆಲುವು. ಶುರುವಿನಿಂದ ಆಡಿದ 32ರಲ್ಲಿ ಸೋತಿದ್ದು ಎರಡೇ. 2005ರಲ್ಲಿ 3,036 ಯಾರ್ಡ್ ಎಸೆತ, 1,050 ಯಾರ್ಡ್ ಓಟ. ಒಂದೇ ಸೀಸನ್‌ನಲ್ಲಿ ಮೂರು ಸಾವಿರ ಎಸೆದು ಒಂದು ಸಾವಿರ ಓಡಿದವರು ಆ ಮಟ್ಟದ ಆಟದಲ್ಲಿ ಅವನಿಗಿಂತ ಮೊದಲು ಯಾರೂ ಇರಲಿಲ್ಲ.

ಧಾರವಾಡ_ಪೇಢೆ:
ಅಕ್ಕಾರ ಹೇಳಿದ್ದು ಖರೆ ಐತ್ರಿ. ಆದ್ರ ನೀವೆಲ್ಲಾ ಟೀವಿ ಬಂದ ಮ್ಯಾಲಿನ ಮಂದೀನ ಹಿಡಕೊಂಡು ಕುಂತೀರಿ. ಬಾಬಿ ಲೇನ್ ಯಾಕ ನೆನಪಾಗವಲ್ಲ? 1946ರ ಜನವರಿ 1, ಕಾಟನ್ ಬೌಲ್, ಮಿಸ್ಸೂರಿ ಎದುರಿಗೆ. ಟೆಕ್ಸಸ್ ಹೊಡದದ್ದು 40 ಪಾಯಿಂಟ್. ಆ ನಲವತ್ತರಾಗೂ ಅವನ ಕೈ ಇತ್ತು! ಮೂರು ಟಚ್‌ಡೌನ್ ಓಡಿ ತಗೊಂಡ, ಎರಡು ಎಸದ, ಒಂದು ತಾನ ಹಿಡದ, ಮ್ಯಾಲ ನಾಕು ಎಕ್ಸ್‌ಟ್ರಾ ಪಾಯಿಂಟ್ ಕಾಲಿಲೆ ಒದ್ದ. ಲೆಕ್ಕಾ ಮಾಡಿ ನೋಡ್ರಿ, ಬರೋಬ್ಬರಿ ನಲವತ್ತು. ಅಷ್ಟಾಗಿ ಅವ ಬೇಸ್‌ಬಾಲ್‌ನಾಗೂ ಭಾರೀ ಪಿಚರ್.

ರೌಂಡ್‌ರಾಕ್_ರಾಯರು:
ಪೇಢೆಯವರೇ, ಆ 40ರ ಲೆಕ್ಕಕ್ಕೆ ಕೈ ಮುಗೀತೀನಿ. ಆದರೆ ಅದು ಯುದ್ಧ ಮುಗಿದ ಕಾಲ, ಅರ್ಧಕ್ಕರ್ಧ ಟೀಮುಗಳಲ್ಲಿ ಆಟಗಾರರೇ ಇರಲಿಲ್ಲ. ಲೇನ್‌ನ 22 ನಂಬರ್ ಜೆರ್ಸಿಯನ್ನು ಯೂನಿವರ್ಸಿಟಿ ಬೇರೆಯವರಿಗೆ ಕೊಡೋದೇ ನಿಲ್ಲಿಸಿದೆ, ಆ ಗೌರವ ಅವನಿಗೆ ಸಲ್ಲಬೇಕಾದ್ದೇ. ನನ್ನ ವೋಟು ಮಾತ್ರ ಯಂಗ್.

ಬಾಗಲಗುಂಟೆ_ಬಾಯ್ಸ್:
ಹೊಸಬ ನಾನು, ಎಂಎಸ್‌ಗೆ ಬಂದಿದ್ದೀನಿ. ಮೊನ್ನೆ ರೂಮ್‌ಮೇಟ್ ಸ್ಟೇಡಿಯಂಗೆ ಕರ್ಕೊಂಡು ಹೋಗಿ ಹೊರಗಿಂದ ತೋರಿಸಿದ, ಲಕ್ಷ ಜನ ಕೂರ್ತಾರಂತೆ. ಒಂದು ಪ್ರಶ್ನೆ. ಗ್ರೌಂಡ್ ಹೆಸರಲ್ಲೇ ಕ್ಯಾಂಬೆಲ್, ವಿಲಿಯಮ್ಸ್ ಅಂತ ಇದೆ. ಅಂದ್ಮೇಲೆ ರನ್ನಿಂಗ್ ಬ್ಯಾಕ್ ಬಗ್ಗೆ ಚರ್ಚೆ ಮಾಡೋಕೆ ಏನಿದೆ? ಮತ್ತೆ ಈ ಲೈನ್‌ಮನ್ ಅಂದ್ರೆ ಯಾರು, ಅವರಿಗೆ ಚೆಂಡೇ ಸಿಗಲ್ವಲ್ಲ?

ಟವರ್_ಕೆಳಗಿನ_ಅಕ್ಕ:
ಬಾ ತಮ್ಮಾ, ಕೂತ್ಕೋ. ನಾಲ್ಕು ಅವಕಾಶದಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಿಗುತ್ತೆ. ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು. ಲೈನ್‌ಮನ್ ಅಂದರೆ ಮುಂದೆ ಬಗ್ಗಿ ನಿಂತಿರುತ್ತಾರಲ್ಲ ಐದು ಜನ ದೈತ್ಯರು, ಅವರು. ದಾರಿ ಬಿಡಿಸೋದು ಅವರ ಕೆಲಸ. ಓಡಿದವನ ಹೆಸರು ಪೇಪರಲ್ಲಿ ಬರುತ್ತೆ, ಇವರ ಹೆಸರು ತಪ್ಪು ಮಾಡಿದಾಗ ಮಾತ್ರ ಅನೌನ್ಸ್ ಆಗುತ್ತೆ.

ಮೈದಾನಕ್ಕೆ ಆ ಇಬ್ಬರ ಹೆಸರಿಟ್ಟಿದ್ದು 2020ರಲ್ಲಿ. ಅದಕ್ಕೆ ಮುಂಚೆ ಜೋ ಜಮೈಲ್ ಅನ್ನೋ ದೊಡ್ಡ ವಕೀಲರ ಹೆಸರಿತ್ತು, ಆ ಮನೆಯವರೇ ಬದಲಾಯಿಸಿ ಅಂತ ಕೇಳಿಕೊಂಡರು.

ರಿಕಿ ಬಗ್ಗೆ ನಾನು ಹೇಳಲೇಬೇಕು. ಆಗ ಪಿಎಚ್‌ಡಿ ಮಾಡ್ತಿದ್ದೆ, ಲ್ಯಾಬಿನ ಹುಡುಗರ ಜೊತೆ ಸ್ಟೂಡೆಂಟ್ ಟಿಕೆಟ್‌ನಲ್ಲಿ ಹೋಗ್ತಿದ್ದೆ. 1997 ಅಂದರೆ ನರಕ. ಯುಸಿಎಲ್‌ಎ ನಮ್ಮ ಅಂಗಳಕ್ಕೇ ಬಂದು 66-3 ಹೊಡೆದು ಹೋಯಿತು. ವರ್ಷದ ಕೊನೆಗೆ 4 ಗೆಲುವು 7 ಸೋಲು, ಕೋಚ್ ಮನೆಗೆ. ಅಂಥ ಟೀಮಿನಲ್ಲಿ ಇದ್ದುಕೊಂಡೇ ರಿಕಿ 1,893 ಯಾರ್ಡ್ ಓಡಿದ್ದ. ಎನ್‌ಎಫ್‌ಎಲ್ ಬಾಗಿಲು ತೆರೆದಿತ್ತು, ಆದರೂ ಹೊಸ ಕೋಚ್ ಮ್ಯಾಕ್ ಬ್ರೌನ್ ಜೊತೆ ಇನ್ನೊಂದು ವರ್ಷ ನಿಂತ.

1998ರ ನವೆಂಬರ್ 27, ಥ್ಯಾಂಕ್ಸ್‌ಗಿವಿಂಗ್ ಮರುದಿನ, ಎದುರಿಗೆ ಟೆಕ್ಸಸ್ ಎ ಆ್ಯಂಡ್ ಎಂ. ಇಡೀ ಕಾಲೇಜು ಆಟದಲ್ಲಿ ಒಟ್ಟು ಓಡಿದ್ದಕ್ಕೆ ಟೋನಿ ಡಾರ್ಸೆಟ್‌ನ 6,082 ಯಾರ್ಡ್‌ಗಳ ದಾಖಲೆ ಎರಡು ದಶಕದಿಂದ ಹಾಗೇ ನಿಂತಿತ್ತು. ಡಾರ್ಸೆಟ್ ಖುದ್ದಾಗಿ ಬಂದಿದ್ದರು. ಮೊದಲ ಕ್ವಾರ್ಟರ್‌ನಲ್ಲೇ ರಿಕಿ ಎಡಗಡೆ ಸಂದಿಯಲ್ಲಿ ನುಸುಳಿದ, ಒಬ್ಬನಿಂದ ಜಾರಿದ, ಆಮೇಲೆ ಬರೀ ಓಟ. ಗೆರೆಯ ಹತ್ತಿರ ಒಬ್ಬ ಹಿಂದಿನಿಂದ ತಬ್ಬಿಕೊಂಡ, ಅವನನ್ನೂ ಎಳೆದುಕೊಂಡೇ ಒಳಗೆ ಬಿದ್ದ. 60 ಯಾರ್ಡ್. ನನ್ನ ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು ಕುಣಿದರು, ಕೈಯಲ್ಲಿದ್ದ ನಾಚೋಸ್ ಚೀಸ್ ಎಲ್ಲಾ ನನ್ನ ಸ್ವೆಟರ್ ಮೇಲೆ. ಆ ದಿನ 259 ಯಾರ್ಡ್, ಟೆಕ್ಸಸ್ 26-24. ಹೈಸ್ಮನ್ ಯಾರಿಗೆ ಅಂತ ಆಮೇಲೆ ಯಾರೂ ಕೇಳಲಿಲ್ಲ.

ಕುಡ್ಲ_ಟು_ಆಸ್ಟಿನ್:
ಅಕ್ಕ, ಆ ವರ್ಷ ಡೋಕ್ ವಾಕರ್ ತೀರಿಕೊಂಡರು ಅಲ್ವಾ. ಒಕ್ಲಹೋಮ ಎದುರು ಆಡುವಾಗ ರಿಕಿ ತನ್ನ 34 ಬಿಟ್ಟು ಅವರ 37 ನಂಬರ್ ಹಾಕಿದ್ದ. ವಾಕರ್ ನಮ್ಮ ಕಾಲೇಜಿನವರೇ ಅಲ್ಲ, ಎಸ್‌ಎಂಯು ಆಟಗಾರ. ಪ್ರಾಯದಲ್ಲಿ ಮುತ್ತಜ್ಜನಷ್ಟು ಹಿರಿಯರೊಟ್ಟಿಗೆ ಆ ಹುಡುಗನಿಗೆ ಅಂಥ ಸ್ನೇಹ ಬೆಳೆದಿತ್ತು.

ಮಲ್ಲೇಶ್ವರಂ_ಮಗಾ:
ನಿಯಮಕ್ಕೆ ಹೊರಗಿನ ಮಾತು, ರಾಯರು ಕ್ಷಮಿಸಲಿ: ಇದೇ ರಿಕಿ 2004ರಲ್ಲಿ ಎನ್‌ಎಫ್‌ಎಲ್ ಬಿಟ್ಟು ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿಯಲ್ಲಿ ಆಯುರ್ವೇದ ಓದೋಕೆ ಸೇರಿದ್ದ. ಕೋಟಿ ಕೋಟಿ ಡಾಲರ್ ಕಾಂಟ್ರಾಕ್ಟ್ ಬಿಟ್ಟು ವಾತ, ಪಿತ್ತ, ಕಫ! ನಮ್ಮಮ್ಮನಿಗೆ ಅಮೆರಿಕನ್ ಫುಟ್‌ಬಾಲ್‌ನಲ್ಲಿ ಗೊತ್ತಿರೋ ಏಕೈಕ ಹೆಸರು ಅವನದು.

ಧಾರವಾಡ_ಪೇಢೆ:
ರಿಕಿ ಬಗ್ಗೆ ನಂದೇನೂ ತಕರಾರಿಲ್ಲ. ಆದ್ರ ಇಬ್ಬರಾಗ ಒಬ್ಬನ್ನ ಆರಿಸು ಅಂದ್ರ ನಾ ಕ್ಯಾಂಬೆಲ್‌ನ ಹಿಂದ ನಿಲ್ಲಾವ. ಕಾಲೇಜಿನಾಗ ಒಟ್ಟು ಓಡಿದ ಯಾರ್ಡ್ ನೋಡಿದ್ರ ರಿಕಿ ಭಾಳ ಮುಂದ: 6,279 ಎಲ್ಲಿ, 4,443 ಎಲ್ಲಿ. ಹಂಗ ನೋಡಬ್ಯಾಡ್ರಿ. ಕ್ಯಾಂಬೆಲ್ ಮೊದಲ ಮೂರು ವರ್ಷ ಡ್ಯಾರೆಲ್ ರಾಯಲ್ ಕೈಯಾಗ ವಿಶ್‌ಬೋನ್ ಆಡಿದ. ಅಂದ್ರ ಕ್ವಾರ್ಟರ್‌ಬ್ಯಾಕ್ ಹಿಂದ ಮೂರು ಮಂದಿ ಓಡಾವ್ರು, ಚೆಂಡು ಯಾರ ಕೈಗೆ ಹೋಗತೈತಿ ಅಂತ ಎದುರಿನವನಿಗೆ ತಿಳೀಬಾರದು. ಫುಲ್‌ಬ್ಯಾಕ್ ಆದವ, ಅಂದ್ರ ಆ ಮೂವರಾಗ ನಡುವ ನಿಲ್ಲಾವ, ಎಷ್ಟೋ ಸಲ ಖಾಲಿ ಕೈಲೆ ಹೋಗಿ ಮಂದಿಗೆ ಡಿಕ್ಕಿ ಹೊಡೀಬೇಕು, ಅದ ಅವನ ಕೆಲಸ. 1976ರಾಗ ತೊಡಿ ಹಿಂದಿನ ಸ್ನಾಯು ಕೈ ಕೊಟ್ಟು 653ಕ್ಕ ನಿಂತ. 1977ಕ್ಕ ಫ್ರೆಡ್ ಏಕರ್ಸ್ ಕೋಚ್ ಆಗಿ ಬಂದಾವ್ರು ಅವನ್ನ ಹಿಂದ ಒಬ್ಬನ್ನ ನಿಲ್ಲಿಸಿ ಚೆಂಡು ಕೊಟ್ಟರು. 1,744 ಯಾರ್ಡ್, ಟೆಕ್ಸಸ್‌ಗೆ ಮೊದಲ ಹೈಸ್ಮನ್, ರೆಗ್ಯುಲರ್ ಸೀಸನ್ 11ಕ್ಕ 11 ಗೆಲುವು. ಆ ನಾಕೂ ವರ್ಷ ಅವನ ಕೈಗೆ ಹಂಗ ಚೆಂಡು ಕೊಟ್ಟಿದ್ರ?

ಟವರ್_ಕೆಳಗಿನ_ಅಕ್ಕ:
ಮತ್ತೆ "ಕೊಟ್ಟಿದ್ರ"!

ಧಾರವಾಡ_ಪೇಢೆ:
ಹಾ ಹಾ, ಬಿಡ್ರಿ ಅಕ್ಕಾರ. ಆದ್ರ ಇದನ್ನ ಕೇಳ್ರಿ. ಟೈಲರ್ ಅಂತ ಊರು, ಗುಲಾಬಿ ಬೆಳಿಯೂದಕ್ಕ ಹೆಸರಾದದ್ದು. ಇವನ ಮನಿಯವರೂ ಗುಲಾಬಿ ಹೊಲದಾಗ ದುಡದವರು. ಹನ್ನೊಂದು ಮಕ್ಕಳು, ಅಪ್ಪ ಜಲ್ದಿ ಹ್ವಾದ, ಅವ್ವ ಒಬ್ಬಾಕಿನ ಸಾಕಿದಳು. ಅದಕ್ಕ ಇವಗ ಟೈಲರ್ ರೋಸ್ ಅಂತ ಅಡ್ಡಹೆಸರು. ಗುಲಾಬಿ ಅನ್ನೋ ಹೆಸರಿನವ ಓಡೂದು ನೋಡಿದ್ರ ಎಮ್ಮಿ ನುಗ್ಗಿಧಂಗ. ಒಮ್ಮೆ ಟಚ್‌ಡೌನ್ ಹೊಡದ ರಭಸಕ್ಕ ನಿಲ್ಲಾಕ ಆಗದ, ಅಂಚಿನಾಗ ನಿಂತಿದ್ದ ನಮ್ಮ ಮಸ್ಕಾಟ್ ಹೋರಿ ಬೀವೋಗ ಹೋಗಿ ಬಡದ. ಬಿದ್ದದ್ದು ಹೋರಿ! ಫೋಟೋ ಐತಿ, ಹುಡುಕಿ ನೋಡ್ರಿ.

ರೌಂಡ್‌ರಾಕ್_ರಾಯರು:
ಇಬ್ಬರೂ ಪಟ್ಟಿಯಲ್ಲಿದ್ದಾರೆ ಕಣ್ರೀ, ಯಾರು ದೊಡ್ಡವರು ಅನ್ನೋದು ಬೇರೆ ಜಗಳ. ಆದ್ರೂ ಕಾಲದ ಲೆಕ್ಕ ಎತ್ತಿದ್ದಕ್ಕೆ ಒಂದು ಮಾತು. 2002ಕ್ಕೆ ಮುಂಚೆ ಬೌಲ್ ಆಟಗಳ ಯಾರ್ಡ್‌ಗಳನ್ನು ಕಾಲೇಜು ಆಟ ನಡೆಸೋ ಸಂಸ್ಥೆ ಎನ್‌ಸಿಎಎ ಲೆಕ್ಕಕ್ಕೆ ಸೇರಿಸ್ತಿರಲಿಲ್ಲ. 1999ರ ಕಾಟನ್ ಬೌಲ್‌ನಲ್ಲಿ ರಿಕಿ ಓಡಿದ 203 ಯಾರ್ಡ್ ಆ 6,279ರಲ್ಲಿ ಇಲ್ಲ. ಸೆಡ್ರಿಕ್ ಬೆನ್ಸನ್‌ನ 5,540ರಲ್ಲಿ ಕೊನೇ ವರ್ಷಗಳ ಬೌಲ್‌ಗಳೂ ಸೇರಿವೆ. ಇನ್ನೂ ಹಿಂದೆ ಹೋದರೆ ಕ್ರಿಸ್ ಗಿಲ್ಬರ್ಟ್, 1966ರಿಂದ 68. ಆಗ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಮುಖ್ಯ ಟೀಮಿಗೆ ಬಿಡ್ತಿರಲಿಲ್ಲ, ಮೂರೇ ಸೀಸನ್ ಸಿಗ್ತಿದ್ದಿದ್ದು. ಮೂರರಲ್ಲೂ ಸಾವಿರ ದಾಟಿದ, ದೇಶದಲ್ಲೇ ಹಾಗೆ ಮಾಡಿದವರಲ್ಲಿ ಮೊದಲಿಗ. ಇವತ್ತು ಅವನ ಹೆಸರು ಯಾರಿಗೂ ಗೊತ್ತಿಲ್ಲ. ಬೆನ್ಸನ್ 2019ರಲ್ಲಿ ಇಲ್ಲೇ ಆಸ್ಟಿನ್‌ನಲ್ಲಿ ಬೈಕ್ ಅಪಘಾತದಲ್ಲಿ ಹೋದ, ಆ ಸುದ್ದಿ ಬಂದ ದಿನ ಆಫೀಸಲ್ಲಿ ಯಾರಿಗೂ ಕೆಲಸ ಸಾಗಲಿಲ್ಲ.

ಬಾಗಲಗುಂಟೆ_ಬಾಯ್ಸ್:
ಬಿಜಾನ್ ರಾಬಿನ್ಸನ್ ಅಂತ ರೂಮ್‌ಮೇಟ್ ತಲೆ ತಿಂತಾನೆ. ಅವನಿಗೆ ಜಾಗ ಇಲ್ವಾ?

ಮಲ್ಲೇಶ್ವರಂ_ಮಗಾ:
ಕಣ್ಣಿಗೆ ಹಬ್ಬ ಬೇಕಂದ್ರೆ ಬಿಜಾನ್. 2022ರಲ್ಲಿ 1,580 ಯಾರ್ಡ್, ವರ್ಷದ ಶ್ರೇಷ್ಠ ರನ್ನಿಂಗ್ ಬ್ಯಾಕ್‌ಗೆ ಕೊಡೋ ಡೋಕ್ ವಾಕರ್ ಪ್ರಶಸ್ತಿ. ಆದ್ರೆ ಈ ಸಾಲಲ್ಲಿ ಅವನು ನಾಲ್ಕನೆಯವನೋ ಐದನೆಯವನೋ. ನಿಮ್ಮ ರೂಮ್‌ಮೇಟ್‌ಗೆ ಜಮಾಲ್ ಚಾರ್ಲ್ಸ್‌ನ 2007ರ ನೆಬ್ರಾಸ್ಕ ಆಟ ತೋರಿಸಿ. 290 ಯಾರ್ಡ್, ಅದರಲ್ಲಿ 216 ಕೊನೇ ಕ್ವಾರ್ಟರ್‌ನಲ್ಲೇ.

ಕುಡ್ಲ_ಟು_ಆಸ್ಟಿನ್:
ರಿಸೀವರ್ ವಿಷಯಕ್ಕೆ ಬರುವ. ರಾಯ್ ವಿಲಿಯಮ್ಸ್ ಸರಿ, 36 ಟಚ್‌ಡೌನ್ ಹಿಡಿದವ. ಶಿಪ್ಲಿ ಬಗ್ಗೆ ನನಗೆ ಅನುಮಾನ ಉಂಟು. 2009ರಲ್ಲಿ 116 ಕ್ಯಾಚ್ ಹಿಡಿದ, ನಿಜ. ಆದರೆ ಎಸೆದವ ಮೆಕಾಯ್, ಇಬ್ಬರೂ ಒಂದೇ ಮನೆಯಲ್ಲಿ ಇದ್ದವರು, ಕಣ್ಣು ಮುಚ್ಚಿ ಎಸೆದರೂ ಸಿಗ್ತಿತ್ತು.

ನನ್ನ ಆಯ್ಕೆ ಜಾನಿ "ಲ್ಯಾಮ್" ಜೋನ್ಸ್. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ 4x100 ರಿಲೇ ಚಿನ್ನ ಗೆದ್ದು ಸೀದಾ ಟೆಕ್ಸಸ್‌ಗೆ ಬಂದವ. ಟೀಮಿನಲ್ಲಿ ಇನ್ನೊಬ್ಬ ಜಾನಿ ಜೋನ್ಸ್ ಇದ್ದ. ಇವನ ಊರು ಲ್ಯಾಂಪಾಸಸ್, ಹಾಗಾಗಿ ಲ್ಯಾಮ್. ಅವನ ಊರು ಹ್ಯಾಮ್ಲಿನ್, ಹಾಗಾಗಿ ಹ್ಯಾಮ್. ಎಸೆಯುವುದಕ್ಕಿಂತ ಓಡುವುದೇ ಹೆಚ್ಚಿದ್ದ ಟೀಮಿನಲ್ಲಿ ಲ್ಯಾಮ್‌ಗೆ ಸಿಕ್ಕಿದ ಕ್ಯಾಚ್ ಕಡಿಮೆ. ಆದರೆ ಆ ವೇಗಕ್ಕೆ ಹೆದರಿ ಎದುರಿನವರು ಒಬ್ಬನನ್ನು ಹಿಂದೆ ಕಟ್ಟಿ ಹಾಕಬೇಕಿತ್ತು. ಕ್ಯಾಂಬೆಲ್‌ಗೆ ಜಾಗ ಸಿಕ್ಕಿದ್ದರಲ್ಲಿ ಅದರ ಪಾಲೂ ಉಂಟು.

ರೌಂಡ್‌ರಾಕ್_ರಾಯರು:
ಇದು ಒಳ್ಳೇ ವಾದ. ಲ್ಯಾಮ್ ಬರಲಿ, ಶಿಪ್ಲಿ ಹೊರಗೆ. ಮಲ್ಲೇಶ್ವರಂ ಈಗ ನನ್ನ ಮೇಲೆ ಮುನಿಸ್ಕೋತಾನೆ.

ಮಲ್ಲೇಶ್ವರಂ_ಮಗಾ:
ಮೊದಲು ಮೆಕಾಯ್, ಈಗ ಶಿಪ್ಲಿ. ನಮ್ಮ ಬ್ಯಾಚಿನವರನ್ನೇ ಗುರಿ ಇಟ್ಟು ಹೊಡೀತಿದೀರ. ನೋಡ್ಕೋತೀನಿ.

ಟವರ್_ಕೆಳಗಿನ_ಅಕ್ಕ:
ಲೈನ್‌ಗೆ ಬರೋಣ, ಅಲ್ಲಿ ಯಾರೂ ಜಗಳವಾಡಲ್ಲ ಅನ್ನೋದೇ ನನಗೆ ಬೇಜಾರು. ಸಿಸ್ಮೋರ್ 1971, 72 ಎರಡೂ ವರ್ಷ ಆಲ್ ಅಮೆರಿಕನ್, ಅಂದರೆ ದೇಶದ ಶ್ರೇಷ್ಠ ಆಟಗಾರರ ಪಟ್ಟಿಯಲ್ಲಿ. ಬ್ಯಾಂಕ್ಸ್ 2024ರಲ್ಲಿ ಔಟ್‌ಲ್ಯಾಂಡ್, ಲೊಂಬಾರ್ಡಿ ಎರಡೂ ಪ್ರಶಸ್ತಿ ಗೆದ್ದ. ಇಬ್ಬರ ನಡುವೆ ಅರ್ಧ ಶತಮಾನ, ಕೆಲಸ ಮಾತ್ರ ಅದೇ. ಐದನೇ ಸೀಟಿಗೆ ನಾನು ಜೂಲಿಯಸ್ ವಿಟಿಯರ್ ಹೆಸರು ಹೇಳ್ತೀನಿ.

ಬಾಗಲಗುಂಟೆಯ ತಮ್ಮನಿಗೆ ಹಿನ್ನೆಲೆ: 1969ರ ಚಾಂಪಿಯನ್ ಟೀಮಿನಲ್ಲಿ ಒಬ್ಬ ಕಪ್ಪು ಆಟಗಾರನೂ ಇರಲಿಲ್ಲ. ಪೂರ್ತಿ ಬಿಳಿಯರದೇ ಆಗಿದ್ದು ರಾಷ್ಟ್ರೀಯ ಚಾಂಪಿಯನ್ ಆದ ಕೊನೆಯ ಟೀಮ್ ಅದು. 1970ರಲ್ಲಿ ಸ್ಯಾನ್ ಆಂಟೋನಿಯೊದ ವಿಟಿಯರ್ ಲೈನ್‌ನಲ್ಲಿ ನಿಂತು ಆಡಿದ, ಮುಖ್ಯ ಟೀಮಿಗೆ ಆಡಿದವರಿಗೆ ಯೂನಿವರ್ಸಿಟಿ ಕೊಡೋ ಗೌರವವಾದ ಫುಟ್‌ಬಾಲ್ ಲೆಟರ್ ಅನ್ನು ಇಲ್ಲಿ ಪಡೆದ ಮೊದಲ ಕಪ್ಪು ಆಟಗಾರ. ಅವನ ಹಿಂದೆ ರೂಸ್‌ವೆಲ್ಟ್ ಲೀಕ್ಸ್ ಬಂದ, 1973ರಲ್ಲಿ ಎಸ್‌ಎಂಯು ಮೇಲೆ ಒಂದೇ ಆಟದಲ್ಲಿ 342 ಯಾರ್ಡ್ ಓಡಿದ. ಆಮೇಲೆ ಕ್ಯಾಂಬೆಲ್. ನೀವೆಲ್ಲಾ ಹಾಡಿ ಹೊಗಳಿದ ಕ್ಯಾಂಬೆಲ್, ರಿಕಿ, ಯಂಗ್ ಮೂವರೂ ಆ ಬಾಗಿಲಿಂದಲೇ ಒಳಗೆ ಬಂದವರು.

ಮಲ್ಲೇಶ್ವರಂ_ಮಗಾ:
ಅಕ್ಕ, ತಪ್ಪು ತಿಳ್ಕೋಬೇಡಿ. ವಿಟಿಯರ್‌ಗೆ ಸ್ಟೇಡಿಯಂ ಹತ್ರ ಪ್ರತಿಮೆ ಇದೆ, ಇರಲೇಬೇಕು. ಆದ್ರೆ ಇದು ಆಟದ ಪಟ್ಟಿ. ಲೈನ್‌ಮನ್ ಲಿಯೊನಾರ್ಡ್ ಡೇವಿಸ್ 2001ರ ಡ್ರಾಫ್ಟ್‌ನಲ್ಲಿ (ಎನ್‌ಎಫ್‌ಎಲ್ ಟೀಮುಗಳು ಸರದಿಯಲ್ಲಿ ಕಾಲೇಜು ಆಟಗಾರರನ್ನ ಆರಿಸೋದು) ಎರಡನೆಯವನಾಗಿ ಹೋದ, ಅಂಥವನನ್ನು ಬಿಟ್ಟು ಹೇಗೆ?

ಟವರ್_ಕೆಳಗಿನ_ಅಕ್ಕ:
ಡ್ರಾಫ್ಟ್ ಅಂದರೆ ಎನ್‌ಎಫ್‌ಎಲ್ ಏನು ಅಂದುಕೊಂಡಿತು ಅನ್ನೋದು. ರಾಯರ ನಿಯಮದಲ್ಲಿ ಅದಕ್ಕೆ ಜಾಗ ಎಲ್ಲಿದೆ? ಕ್ಯಾಂಪಸ್‌ನಲ್ಲಿ ತನ್ನಂಥ ಇನ್ನೊಬ್ಬನಿಲ್ಲದ ಟೀಮಿನಲ್ಲಿ, ಜೊತೆಗಿರೋಕೆ ರೂಮ್‌ಮೇಟ್ ಸಿಗೋದೇ ಕಷ್ಟವಾಗಿದ್ದ ಕಾಲದಲ್ಲಿ, ವಾರ ವಾರ ಲೈನ್‌ನಲ್ಲಿ ನಿಂತು ಜಾಗ ಉಳಿಸಿಕೊಂಡಿದ್ದೂ ಆಟವೇ. ಕರುಣೆಯಿಂದ ಯಾರೂ ಆ ಜಾಗ ಕೊಡಲಿಲ್ಲ ಅವನಿಗೆ. ಕೊನೇ ವರ್ಷ ಟೈಟ್ ಎಂಡ್ ಆಗಿಯೂ ಆಡಿದ.

ಧಾರವಾಡ_ಪೇಢೆ:
ನಾ ಅಕ್ಕಾರ ಕಡೆ. ಓಡಾವ್ರಿಗೆ ಯಾರ್ಡ್ ಎಣಸ್ತೀವಿ, ಲೈನ್‌ನವರಿಗೆ ಏನ ಎಣಸೂದು? ಮತ್ತ ಸುಮ್ಮ ಡ್ರಾಫ್ಟ್ ನಂಬರ್ ಹಿಡಕೊಂಡು ಕೂಡೂದ ಯಾಕ?

ಕುಡ್ಲ_ಟು_ಆಸ್ಟಿನ್:
ನಾನು ಡೇವಿಸ್. ಹೃದಯ ಅಕ್ಕನೊಟ್ಟಿಗೆ ಉಂಟು, ವೋಟು ಡೇವಿಸ್‌ಗೆ. ಅವನು ಎದುರಿನವರನ್ನು ನೆಲಕ್ಕೆ ಒರಗಿಸಿದ ರೀತಿ ನೋಡಿದವರಿಗೆ ನಾನು ಹೇಳುವುದು ಅರ್ಥ ಆದೀತು.

ರೌಂಡ್‌ರಾಕ್_ರಾಯರು:
ಸರಿ, ಐದನೇ ಸೀಟಿಗೆ ವಿಟಿಯರ್ ಎರಡು, ಡೇವಿಸ್ ಎರಡು. ನನ್ನ ವೋಟು ವಿಟಿಯರ್‌ಗೆ, ಅಕ್ಕನ "ಕರುಣೆಯಿಂದ ಕೊಡಲಿಲ್ಲ" ಅನ್ನೋ ಮಾತಿಗೆ. ಬಾಗಲಗುಂಟೆಯವರೂ ಒಂದು ವೋಟು ಹಾಕಿ, ಹೊಸಬರು ಅಂತ ಬಿಡಲ್ಲ.

ಬಾಗಲಗುಂಟೆ_ಬಾಯ್ಸ್:
ಲೈನ್‌ಮನ್ ಯಾರು ಅಂತ ಇವತ್ತೇ ತಿಳ್ಕೊಂಡಿದ್ದು ಸರ್. ಆದ್ರೂ ವಿಟಿಯರ್. ಮತ್ತೆ ರೂಮ್‌ಮೇಟ್ ಇದನ್ನೆಲ್ಲಾ ಇಂಗ್ಲಿಷ್‌ನಲ್ಲಿ ಹೇಳು ಅಂದ, ಹೇಳಿದೆ. ಟೈಟ್ ಎಂಡ್‌ಗೆ ಥಾಮಸ್ ಯಾಕೆ, 2024ರಲ್ಲಿ ಗನ್ನರ್ ಹೆಲ್ಮ್ 60 ಕ್ಯಾಚ್ ಹಿಡಿದಿದ್ದಾನಲ್ಲ ಅಂತ ಜಗಳಕ್ಕೆ ನಿಂತಿದ್ದಾನೆ.

ರೌಂಡ್‌ರಾಕ್_ರಾಯರು:
ಆ ಯುಎಸ್‌ಸಿ ಆಟದಲ್ಲಿ ಯಂಗ್ ಎಸೆದದ್ದರಲ್ಲಿ ಹತ್ತು ಹಿಡಿದವನು ಥಾಮಸ್ ಅಂತ ಹೇಳಿ ಅವನಿಗೆ. ಅದಕ್ಕೂ ಒಪ್ಪದಿದ್ರೆ ಇಲ್ಲೇ ಬಂದು ಬರೀಲಿ, ಕನ್ನಡದಲ್ಲಿ.